ಕೈಗೆ ಕೊಡುವವಳು

ತಿಮ್ಮಕ್ಕನ ಬಾಯಿಗೆ ಎದುರು ಕೊಟ್ಟು ಗೆದ್ದವರು ಅಘನಾಶಿನಿಯ ದಂಡೆಯಲ್ಲಿ ಯಾರೂ ಇರಲಿಲ್ಲ. ಹರೆಯದಿಂದ ತಲೆ ಬೆಳ್ಳಗಾಗುವವರೆಗೆ ಕುಮಟೆಯ ಮೀನುಪೇಟೆಯಲ್ಲಿ ಕೂತು, ಬಂಗಡೆ ತಾರ್ಲೆ ಮಾರಿ, ಚೌಕಾಸಿಯ ಗಿರಾಕಿಗಳನ್ನು ನಗಿಸಿಯೇ ಸೋಲಿಸಿದ ಬಾಯಿ ಅದು. ಗಂಡ ಹೊಳೆಪಾಲಾದ ಮೇಲೆ ಒಬ್ಬನೇ ಮಗ ಈರನನ್ನು ಅವಳು ಆ ಬಾಯಿಂದಲೇ ಸಾಕಿದಳು ಎಂದು ಕೇರಿಯವರು ಹೇಳುತ್ತಿದ್ದರು. ಬುಟ್ಟಿ ಹೊರಲು ಕುತ್ತಿಗೆ ಸೋತಾಗ ಪೇಟೆಯ ತನ್ನ ಜಾಗವನ್ನು ಸೊಸೆ ಗಂಗೆಗೆ ಬಿಟ್ಟುಕೊಟ್ಟು ಮನೆ ಹಿಡಿದಳು. ಮಾತನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.

ಗಂಗೆಗೆ ತೊಡಕಾದದ್ದು ಅದೇ. ಅತ್ತೆಗೆ ಏನೋ ಆಗಿದೆ ಎಂದು ಅವಳು ಯಾರ ಹತ್ತಿರ ಹೇಳಿದರೂ, ಕೇಳಿದವರು ಒಮ್ಮೆ ಜಗಲಿಯ ಮೇಲೆ ಕೂತ ತಿಮ್ಮಕ್ಕನನ್ನು ನೋಡುತ್ತಿದ್ದರು. ತಿಮ್ಮಕ್ಕ ಅವರ ಅಜ್ಜನ ಕಾಲದ ಸಂಗತಿಯೊಂದನ್ನು ಎತ್ತಿ ಕುಟುಕುತ್ತಿದ್ದಳು. ಅವರು ನಗುತ್ತ ಎದ್ದು, ಹೋಗುವಾಗ ಗಂಗೆಯ ಕಡೆ ಒಂದು ತರಹ ನೋಡುತ್ತಿದ್ದರು.

ಮೊದಮೊದಲು ಗಂಗೆಯೇ ತನ್ನನ್ನು ನಂಬಿರಲಿಲ್ಲ. ಅತ್ತೆ ನೀರು ಹಾಕದೆ ಒಲೆಯ ಮೇಲೆ ಇಟ್ಟ ಗಡಿಗೆ ಕೆಂಪಗೆ ಕಾದು ಒಡೆದಿತ್ತು. ಯಾರ ಮನೆಯಲ್ಲಿ ಒಡೆಯುವುದಿಲ್ಲ ಎಂದುಕೊಂಡಳು. ಕೋಳಿಗೂಡಿನ ಬಾಗಿಲು ಹಾಕದೆ ನರಿ ಹೊಕ್ಕಿತು. ಸರಿ, ನರಿಗೂ ಹೊಟ್ಟೆಯಿದೆ. ಆದರೆ ಮಾಘದ ಒಂದು ಇಳಿತದ ಹೊತ್ತಿನಲ್ಲಿ ನಡೆದದ್ದಕ್ಕೆ ಯಾವ ಸಮಾಧಾನವೂ ಸಿಗಲಿಲ್ಲ. ಹೊಳೆ ಇಳಿದು ನಡುವಿನ ದಿಣ್ಣೆಗಳು ಮೇಲೆದ್ದಾಗ ಕೇರಿಯ ಹೆಂಗಸರು ಬಳಚು ಚಿಪ್ಪು ಹೆಕ್ಕಲು ಹೋಗುತ್ತಾರೆ. ಅಂದು ತಿಮ್ಮಕ್ಕ ಮೊಮ್ಮಗಳು ಕಮಲಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದವಳು, ತಿರುಗಿ ಬರುವಾಗ ಅದೇ ಸೊಂಟದ ಮೇಲೆ ಬಳಚಿನ ಬುಟ್ಟಿ ಹೊತ್ತು ಬಂದಳು.

ಆಗಷ್ಟೇ ಪೇಟೆಯಿಂದ ಬಂದ ಗಂಗೆ, "ಅತ್ತೇ, ಕಮ್ಲಿ ಎಲ್ಲಿ?" ಎಂದಳು.

"ಎಲ್ಲಿ ಅಂದ್ರೆ? ನಿನ್ನ ಹತ್ರ ಇಲ್ವನೇ?"

ಗಂಗೆ ಓಡಿದ ಓಟಕ್ಕೆ ಸೀರೆಯ ಅಂಚು ಹರಿಯಿತು. ಭರತ ಹತ್ತತೊಡಗಿತ್ತು. ದಿಣ್ಣೆಯ ಸುತ್ತ ನೀರು ಬಂದು, ನಡುವೆ ಅಂಗಳದಷ್ಟು ಮರಳು ಉಳಿದಿತ್ತು. ಅದರ ಮೇಲೆ ಮಗು ಇರಲಿಲ್ಲ. ಸ್ವಲ್ಪ ಆಚೆ ಅದೇ ಕೇರಿಯ ದಾಸನ ದೋಣಿಯಲ್ಲಿ, ಬಲೆಯ ರಾಶಿಯ ಮೇಲೆ ಕೂತು ಕಮಲಿ ಚಿಪ್ಪು ಬಡಿದು ಆಡುತ್ತಿತ್ತು.

ಹಿಂದೆಯೇ ಏದುಸಿರು ಬಿಡುತ್ತ ಬಂದ ತಿಮ್ಮಕ್ಕ ಅದನ್ನು ಕಂಡವಳೇ, "ದಾಸನ ಕೈಲಿ ಕೊಟ್ಟೇ ಬಂದದ್ದು ನಾನು. ಹುಚ್ಚಿ ಹಂಗೆ ಎಂತಕ್ಕೆ ಓಡ್ತೇ?" ಎಂದಳು. ದಾಸ ತಲೆ ಕೆರೆದುಕೊಂಡ. "ಕೊಟ್ಟಿರ್ವದು. ನಾ ಬಲೆ ಬಿಡಿಸ್ತಾ ಇದ್ದಿದ್ದೆ. ನೋಡ್ತೆ, ಹುಡ್ಗಿ ಇತ್ತು, ಎತ್ಕಂಡೆ" ಎಂದ. ದಂಡೆಯ ಮೇಲಿದ್ದವರಿಗೆ ಅಷ್ಟು ಸಾಕಾಯಿತು. ಅಜ್ಜಿ ಮಗುವನ್ನು ಕೊಟ್ಟಳು, ದಾಸ ತೆಗೆದುಕೊಂಡ, ಸೊಸೆ ಸುಮ್ಮನೆ ಬೊಬ್ಬೆ ಹಾಕಿದಳು.

ಅಂದಿನಿಂದ ಗಂಗೆ ಪೇಟೆಗೆ ಹೋಗಲಿಲ್ಲ. ಮೀನುಪೇಟೆಯ ಜಾಗಕ್ಕೆ ಕಾಗದಪತ್ರ ಇರುವುದಿಲ್ಲ. ಅತ್ತೆ ಕೂತಲ್ಲಿ ಸೊಸೆ ಕೂರುತ್ತಾಳೆ, ಕೂರದಿದ್ದರೆ ಬೇರೆ ಯಾರೋ ಕೂರುತ್ತಾರೆ. ತದಡಿಯ ಕಡೆಯವಳೊಬ್ಬಳು ಈಗಾಗಲೇ ಅಲ್ಲಿ ಬುಟ್ಟಿ ಇಡತೊಡಗಿದ್ದಾಳೆಂಬ ಸುದ್ದಿ ಬಂತು. ತಂದವಳು ಪಕ್ಕದ ಮನೆಯ ಲಕ್ಕಿ.

"ಪ್ಯಾಟಿಗೆ ಹೋಗೂಕೆ ಬ್ಯಾಸರ ಬಂದಿದ್ರೆ ಹಂಗೇ ಹೇಳೆ ಗಂಗೀ," ಎಂದಳು ಲಕ್ಕಿ ಬೇಲಿಯ ಆಚೆಯಿಂದ. "ಮುದ್ಕಿ ಮೇಲೆ ಎಂತಕ್ಕೆ ಹಾಕ್ತೆ? ನಮ್ಮ ಅತ್ತಿಗೆ ಅಷ್ಟು ಬುದ್ಧಿ ಇದ್ದಿದ್ರೆ ನಾ ದಿನಾ ಕಾಲು ತೊಳಿತಿದ್ದೆ."

ಗಂಗೆಯಲ್ಲಿ ಜಗಳಕ್ಕೆ ಬೇಕಾದ ಕಸುವೇ ಉಳಿದಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದು ಕಣ್ಣು ಮಗುವಿನ ಮೇಲೆ, ಒಂದು ಕಣ್ಣು ಅತ್ತೆಯ ಮೇಲೆ, ಕಿವಿ ಒಲೆಯ ಮೇಲೆ. ನಡುನಡುವೆ ಹೊಳೆಯ ನೀರು ಎಷ್ಟು ಏರಿತು ಎಂಬ ಲೆಕ್ಕ. ನಿಂತಲ್ಲೇ ನಿದ್ದೆ ಬರುತ್ತಿತ್ತು.

ಹೋಳಿ ಕಳೆದ ಮೇಲೆ ತಿಮ್ಮಕ್ಕ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡಳು. ಕುಮಟೆಯ ಧರ್ಮಾರ್ಥ ದವಾಖಾನೆಯಲ್ಲಿ ಪ್ಲಾಸ್ಟರು ಹಾಕಿದರು. ಅದು ಬಿಚ್ಚುವ ದಿನ ಗಂಗೆ ಧೈರ್ಯ ಮಾಡಿ, ಕೈಯ ಜೊತೆಗೆ ತಲೆಯನ್ನೂ ಸ್ವಲ್ಪ ನೋಡಬೇಕೆಂದು ಡಾಕ್ಟರ ಹತ್ತಿರ ಮೆಲ್ಲಗೆ ಹೇಳಿದಳು. ಡಾಕ್ಟರು ಒಳ್ಳೆಯವರೇ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ತಿಮ್ಮಕ್ಕನ ಕಡೆ ತಿರುಗಿ ಕೂತು ಕೇಳಿದರು.

"ಅಜ್ಜಿ, ಇದು ಯಾವ ತಿಂಗಳು ಹೇಳಿ?"

"ನಂಗೆ ಈಗ ತಿಂಗಳ ಲೆಕ್ಕ ಎಂತಕ್ಕೆ ಡಾಕ್ಟ್ರೇ? ಮುಟ್ಟು ನಿಂತು ಯಾವ ಕಾಲ ಆತು!"

ಕಂಪೌಂಡರು ಗೋಡೆಯ ಕಡೆ ಮುಖ ತಿರುಗಿಸಿ ನಕ್ಕ. ಡಾಕ್ಟರ ಕಿವಿ ಕೆಂಪಾಯಿತು.

"ಆಯ್ತು. ದೇಶ ಆಳುವವರು ಯಾರು ಈಗ?"

"ಯಾರು ಆಳಿದ್ರೂ ಸೀಮೆಎಣ್ಣೆ ಸಾಲಲ್ಲಿ ನಿಲ್ಲೂದು ನಾನೇಯ. ಅವರಲ್ಲ."

ಈ ಸಲ ಡಾಕ್ಟರೂ ನಕ್ಕರು. "ತಂಗಿ, ನಿನ್ನ ಅತ್ತೆ ನಮ್ಮೆಲ್ಲರಿಗಿಂತ ಚುರುಕಿದ್ದಾರೆ. ವಯಸ್ಸಾದ ಮೇಲೆ ಒಂದೆರಡು ಮರೆವು ಇರ್ತದೆ" ಎಂದು, ಕೈಯ ವ್ಯಾಯಾಮಕ್ಕೆ ಹಿಂದಿನ ಕೋಣೆಗೆ ಕಳಿಸಿದರು.

ಹಿಂದಿನ ಕೋಣೆ ವನಮಾಲಾ ಅವರದು. ಹೊನ್ನಾವರದವರು, ಬೊಂಬಾಯಿಯಲ್ಲಿ ಕಲಿತು ಬಂದವರು. ಪಾರ್ಶ್ವವಾಯು ಬಡಿದವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು, ಬೆರಳು ಮುರುಟಿದವರಿಗೆ ಲೋಟ ಹಿಡಿಯುವುದು, ಬಿದ್ದು ಎದ್ದವರಿಗೆ ಮತ್ತೆ ನೀರು ಸೇದುವುದು, ಇಂಥದನ್ನು ಮಾಡಿಸಿ ಕಲಿಸುವುದು ಅವರ ಕೆಲಸ. ಅದಕ್ಕೊಂದು ಇಂಗ್ಲಿಷ್ ಹೆಸರು ಬಾಗಿಲ ಮೇಲೆ ಇತ್ತು. ಜನ ಮಾತ್ರ ಶಾಲೆಯ ಟೀಚರನ್ನು ಕರೆದಂತೆ ಅಕ್ಕೋರು ಎನ್ನುತ್ತಿದ್ದರು. ಭಟ್ಕಳದಿಂದ ಕುಮಟೆಯವರೆಗೆ ಈ ಕೆಲಸಕ್ಕೆ ಅವರೊಬ್ಬರೇ. ವಾರದಲ್ಲಿ ಅರ್ಧ ಬಸ್ಸಿನಲ್ಲೇ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಅವರ ಪಾದ ಊದಿ ಚಪ್ಪಲಿಯ ಗುರುತು ಮೂಡಿರುವುದನ್ನು ಗಂಗೆ ಪ್ಲಾಸ್ಟರು ಹಾಕಿಸಿದ ದಿನ ನೋಡಿದ್ದಳು.

ತಿಮ್ಮಕ್ಕನಿಗೆ ಹಸಿ ಹಿಟ್ಟಿನ ಉಂಡೆ ಹಿಚುಕಲು ಕೊಟ್ಟು ವನಮಾಲಾ ಗಂಗೆಯನ್ನು ಕಿಟಕಿಯ ಹತ್ತಿರ ಕರೆದರು.

"ಡಾಕ್ಟರು ಕೇಳುವಾಗ ನಾನು ಬಾಗಿಲಲ್ಲಿದ್ದೆ. ಎರಡು ಪ್ರಶ್ನೆ ಕೇಳಿದ್ರು. ಎರಡಕ್ಕೂ ನಗು ಬಂತು, ಉತ್ತರ ಬರಲಿಲ್ಲ. ನೀ ನೋಡಿದ್ಯಾ?"

ಗಂಗೆ ಹೊಳೆಯ ದಿಣ್ಣೆಯಿಂದ ಹಿಡಿದು ಒಡೆದ ಗಡಿಗೆಯವರೆಗೆ ಎಲ್ಲವನ್ನೂ, ಹಿಂದುಮುಂದಾಗಿ, ಅಳದೆ ಹೇಳಿ ಮುಗಿಸಿದಳು. ವನಮಾಲಾ ನಡುವೆ ಬಾಯಿ ಹಾಕದೆ ಕೇಳಿದರು.

"ಮಾತು ಎಲ್ಲಕ್ಕಿಂತ ಕಡೆಗೆ ಹೋಗ್ತದೆ," ಎಂದರು. "ಮಾತಲ್ಲಿ ಸಿಕ್ಕಿಬೀಳದವರು ಕೆಲಸದಲ್ಲಿ ಸಿಕ್ಕಿಬೀಳ್ತಾರೆ. ಕೆಲಸ ಮಾಡಿಸಿಯೇ ನೋಡ್ಬೇಕು."

ಕೋಣೆಯ ಮೂಲೆಯಲ್ಲಿ ಸೀಮೆಎಣ್ಣೆ ಸ್ಟೋವು, ಪಾತ್ರೆ, ಸಕ್ಕರೆ, ಚಾಪುಡಿ ಇದ್ದವು. ಬೊಂಬಾಯಿಯಲ್ಲಿ ಅವರಿಗೆ ಕಲಿಸಿದ್ದೂ ಅದೇ, ಚಹ ಮಾಡಿಸಿ ನೋಡುವುದು. ತಿಮ್ಮಕ್ಕ ಸ್ಟೋವಿನ ಮುಂದೆ ಕೂತು ಅದನ್ನೊಮ್ಮೆ, ಅಕ್ಕೋರನ್ನೊಮ್ಮೆ ನೋಡಿದಳು. "ಈ ಮಿಷನ್ನು ನಿಮ್ಮ ಮದಿವಿಗೆ ಕೊಟ್ಟದ್ದಾ? ನಂಗೆ ಇದರ ಕಿವಿ ಎಲ್ಲಿ ತಿರುಪೂದು ತಿಳಿಯೂದಿಲ್ಲ" ಎಂದಳು. ವನಮಾಲಾ ಮೊದಲ ಬಾರಿ ನಕ್ಕರು.

"ಇದರಲ್ಲಿ ತಪ್ಪಿದ್ರೆ ಸ್ಟೋವಿನ ತಪ್ಪೋ ಇವರ ತಪ್ಪೋ ನನಗೆ ಗೊತ್ತಾಗೂದಿಲ್ಲ. ಭಟ್ಕಳದಲ್ಲಿ ನವಾಯತ ಸಾಹುಕಾರರ ಮನೆಯ ಅಜ್ಜಿಯೊಬ್ಬರಿಗೆ ಹೀಗೇ ಚಹ ಮಾಡಿಸಲಿಕ್ಕೆ ಹೋಗಿ ನಾನೇ ಪೆದ್ದಿಯಾದೆ. ಅವರು ಹುಟ್ಟಿದಾರಭ್ಯ ಚಹ ಮಾಡಿದವರೇ ಅಲ್ಲ." ಅವರು ಗೋಡೆಯ ಕ್ಯಾಲೆಂಡರನ್ನು ದಣಿದ ಕಣ್ಣಿನಿಂದ ನೋಡಿದರು. "ಭಾನುವಾರ ನಾನೇ ಮನೆಗೆ ಬರ್ತೆ. ಅವರು ದಿನಾ ಮಾಡುವ ಅಡುಗೆ ಮಾಡ್ಲಿ. ನಿನ್ನ ಗಂಡನೂ ಮನೆಯಲ್ಲಿರ್ಲಿ."

ಗಂಡ ಈರ ಮಲ್ಪೆಯ ಬೋಟಿನಲ್ಲಿ ದುಡಿಯುವವನು. ತಿಂಗಳುಗಟ್ಟಲೆ ಅಲ್ಲೇ. ಈ ಸಲ ಬೋಟಿನ ಇಂಜಿನ್ನು ಕೆಟ್ಟು ಕೂತದ್ದರಿಂದ ಊರಿಗೆ ಬಂದಿದ್ದ. ಬಂದ ಮಾರನೇ ದಿನವೇ ಗಂಗೆ ಎಲ್ಲ ಹೇಳಿದ್ದಳು. ಅವನು ಕೇಳಿಸಿಕೊಂಡು, "ನಿನ್ನೆ ರಾತ್ರಿ ಅವ್ವಿ ನನ್ನ ಹತ್ರ ಕೂತ್ಕಂಡು ಅಪ್ಪ ದೋಣಿ ಕೊಂಡ ಕತೆ ಮೊದಲಿಂದ ಕಡೆವರೆಗೆ ಹೇಳ್ತು. ಒಂದು ಮಾತು ಆಚೀಚೆ ಆಗಿಲ್ಲ. ನಿಂಗೆ ಪ್ಯಾಟೆ, ಮನೆ, ಹುಡ್ಗಿ ಅಂತ ಸಾಕಾಗಿ ಬಿಟ್ಟದೆ, ಅದಕ್ಕೆ ಹಿಂಗೆಲ್ಲ ಕಾಣ್ತದೆ" ಎಂದಿದ್ದ. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟು ಮಾಡಿದ್ದರೆ ಗಂಗೆಗೆ ಜಗಳವಾದರೂ ಸಿಗುತ್ತಿತ್ತು.

ಭಾನುವಾರ ವನಮಾಲಾ ಬಿಸಿಲಿನಲ್ಲಿ ಬಸ್ಸಿಳಿದು ನಡೆದು ಬಂದರು. ಅಕ್ಕೋರು ಮನೆಗೆ ಬಂದರೆಂದು ಕೇರಿಯ ಅರ್ಧ ಹೆಂಗಸರು ಬೇಲಿಗೆ ಆತು ನಿಂತರು. ಲಕ್ಕಿ ಅಂಗಳಕ್ಕೇ ಬಂದು ಕೂತಳು. ತಿಮ್ಮಕ್ಕನಿಗೆ ಹುರುಪು ಬಂತು. ಸೆರಗು ಸಿಕ್ಕಿಸಿ ಒಲೆಯ ಮುಂದೆ ಮಣೆಯ ಮೇಲೆ ಕೂತಳು.

ಅತ್ತೆ ಒಲೆಯ ಮುಂದೆ ಕೂತರೆ ಸೊಸೆ ಅವಳ ಬಲಗಡೆ ಕೂತು ಬೇಕಾದ್ದನ್ನು ಕೈಗೆ ಕೊಡುವುದು ಆ ಮನೆಗಳ ರೀತಿ. ತಿಮ್ಮಕ್ಕ ತನ್ನ ಅತ್ತೆಗೆ ಹಾಗೇ ಕೊಟ್ಟಿದ್ದಳು. ಗಂಗೆ ಮದುವೆಯಾಗಿ ಬಂದ ಮಾರನೇ ದಿನದಿಂದ ಹಾಗೇ ಕೊಡುತ್ತ ಬಂದಿದ್ದಳು. ಅಂದೂ ಕೂತಳು. ತಿಮ್ಮಕ್ಕ ಬಂಗಡೆಯ ಕಿವಿರು ಕಿತ್ತು, ಮೆಟ್ಟುಗತ್ತಿಯ ಮೇಲೆ ಓರೆಯಾಗಿ ಸೀಳಿ, ತೊಳೆದಳು. ಮಣಿಕಟ್ಟು ಇನ್ನೂ ಬಿಗಿಯಿದ್ದರೂ ಕತ್ತಿಯ ಮೇಲೆ ಕೈ ತಾನಾಗಿ ಆಡಿತು. ಕಾಯಿ ಬಂತು, ಹೆರೆದಳು. ಮೆಣಸು ಬಂತು, ಅರೆದಳು. ಹುಳಿ ಬಂತು, ಉಪ್ಪು ಬಂತು, ಮಡಕೆಗೆ ಬಿತ್ತು. ಬಾಯಿ ಒಂದು ಗಳಿಗೆ ನಿಲ್ಲಲಿಲ್ಲ. ಲಕ್ಕಿಯ ಗಂಡ ಹಿಂದೆ ಯಾವಾಗಲೋ ಸಾರಿನಲ್ಲಿ ಉಪ್ಪು ಹೆಚ್ಚೆಂದು ಎದ್ದು ಹೋಗಿ, ಅರ್ಧರಾತ್ರಿ ಹಸಿದು ಬಂದು ಅದೇ ಸಾರು ನೆಕ್ಕಿದ ಸಂಗತಿ ಹೇಳಿದಳು. ಲಕ್ಕಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಾರು ಚೆನ್ನಾಗಿತ್ತು. ವನಮಾಲಾ ಮೀನು ತಿನ್ನುವವರಲ್ಲದ ಕಾರಣ ಅವಲಕ್ಕಿ ಮೊಸರು ತಿಂದು ಕೈ ತೊಳೆದರು. ಈರ ಜಗಲಿಯ ಕಂಬಕ್ಕೆ ಒರಗಿ, ಎರಡನೇ ಬಾರಿ ಸಾರು ಹಾಕಿಸಿಕೊಂಡ. "ಅಕ್ಕೋರೇ, ಇದಕ್ಕೂ ದೊಡ್ಡ ಪರೀಕ್ಷೆ ಎಂತ ಬೇಕು?" ಎಂದ.

ಗಂಗೆ ಎಲ್ಲರ ಎಂಜಲು ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಬೂದಿ ಹಚ್ಚಿ ತಿಕ್ಕುವಾಗ ಅವಳಿಗೆ ಮೊದಲ ಬಾರಿ ತನ್ನ ಬಗ್ಗೆಯೇ ಹೆದರಿಕೆಯಾಯಿತು. ತನಗೇ ತಲೆ ಕೆಟ್ಟಿರಬಹುದೇ? ಒಲೆಯ ಮುಂದೆ ಕೂತಿದ್ದ ಅತ್ತೆಯಲ್ಲಿ ಕೊರತೆ ಏನಿತ್ತು? ಹಾಗಾದರೆ ದಿಣ್ಣೆಯ ಮೇಲೆ ಮಗು? ಅದೂ ತಾನು ಕಂಡ ಕನಸೇ?

ಹಿಂದೆ ಹೆಜ್ಜೆಯ ಸದ್ದಾಯಿತು. ವನಮಾಲಾ ತೊಳೆಯುವ ಕಲ್ಲಿನ ಮೇಲೆ ಕೂತರು.

"ಗಂಗೆ, ಮೀನು ತೊಳೆದಾದ ಮೇಲೆ ಕಾಯಿ ತೆಗೆದದ್ದು ಯಾರು?"

"ಅತ್ತೆಯೇ ಅಲ್ದಾ ಹೆರೆದದ್ದು?"

"ಹೆರೆದದ್ದು ಅವರು. ತೆಗೆದದ್ದು?"

ಗಂಗೆ ಬೂದಿ ಮೆತ್ತಿದ ತನ್ನ ಕೈ ನೋಡಿಕೊಂಡಳು.

"ಮೆಣಸು ಕೊಟ್ಟದ್ದು ನೀನು. ಹುಳಿ ಕೊಟ್ಟದ್ದು ನೀನು. ಒಲೆಯಿಂದ ಹೊರಗೆ ಬಂದ ಕೊಳ್ಳಿ ಒಳಗೆ ದೂಡಿದ್ದು ನೀನು. ಅವರು ಕೇಳುವ ಮೊದಲೇ ಕೊಡ್ತೆ. ಅವರಿಗೆ ಕೇಳಲಿಕ್ಕೆ ಬರ್ತದೋ ಇಲ್ಲವೋ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ. ನಾನು ಇವತ್ತು ನೋಡಿದ್ದು ನಿಮ್ಮಿಬ್ಬರ ಅಡುಗೆ."

"ಅತ್ತೆ ಕೂತಿರುವಾಗ ಕೊಡದೆ ಇರೂದು ಹೆಂಗೆ ಅಕ್ಕೋರೇ? ಜನ ಎಂತ ಹೇಳ್ತಾರೆ?"

"ಅದೇ. ಬರುವ ಭಾನುವಾರ ಮತ್ತೆ ಬರ್ತೆ. ಬೇಲಿಯ ಹತ್ರ ಯಾರೂ ಬೇಡ. ನೀನು ಹೊಸ್ತಿಲ ಈಚೆ ಕೂರಬೇಕು. ಏನೂ ಕೊಡಬಾರದು, ಹೇಳಬಾರದು, ಕಣ್ಣಲ್ಲಿ ತೋರಿಸಲೂ ಬಾರದು. ಬೆಂಕಿ ಕತ್ತಿ ನಾ ನೋಡ್ಕಳ್ತೆ. ಆಗ್ತದಾ?"

ಕೈ ಕಟ್ಟಿ ಸುಮ್ಮನೆ ಕೂರುವುದು ಗಂಗೆಗೆ ಅಂಥ ದೊಡ್ಡ ಕೆಲಸವೆಂದು ಕಾಣಲಿಲ್ಲ. ಎಷ್ಟೋ ತಿಂಗಳಿಂದ ಅವಳು ಬೇಡಿಕೊಂಡದ್ದೇ ಅದನ್ನು. ಆಗ್ತದೆ ಎಂದಳು.

ಆ ಭಾನುವಾರ ಗಾಳಿ ಇರಲಿಲ್ಲ. ಹೊಳೆ ಕಂಚಿನ ಹರಿವಾಣದಂತೆ ಅಲ್ಲಾಡದೆ ಬಿದ್ದಿತ್ತು. ಕಮಲಿಯನ್ನು ಲಕ್ಕಿಯ ಮನೆಯಲ್ಲಿ ಬಿಟ್ಟು ಬಂದಿದ್ದರು. ಈರ ಅಡುಗೆಮನೆಯ ಗೋಡೆಗೆ ಒರಗಿ ಕೂತ. ಮಾರನೇ ದಿನ ಅವನು ಮಲ್ಪೆಗೆ ಹೊರಡಬೇಕಿತ್ತು, ಇಂಜಿನ್ನು ಸರಿಯಾಗಿತ್ತು. ವನಮಾಲಾ ಒಲೆಯ ಪಕ್ಕದಲ್ಲಿ. ಗಂಗೆ ಹೊಸ್ತಿಲ ಈಚೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು.

"ತಿಮ್ಮಕ್ಕ, ಇವತ್ತು ಗಂಗೆಗೆ ಹುಷಾರಿಲ್ಲ. ನೀವೇ ಗಂಜಿ, ಸಾರು ಮಾಡಿ ಮಗನಿಗೆ ಬಡಿಸ್ಬೇಕು" ಎಂದರು ವನಮಾಲಾ.

"ಮಾಡ್ವ. ನಂಗೇನು ಹೊಸತಾ? ಇವಳು ಬರೂ ಮುಂಚೆ ಈ ಮನೆಯಲ್ಲಿ ಉಪಾಸ ಬಿದ್ದಿರ್ಲಿಲ್ಲ" ಎಂದು ತಿಮ್ಮಕ್ಕ ಸೊಸೆಯ ಕಡೆ ಕಣ್ಣು ಹೊಡೆದಳು.

ಅಕ್ಕಿ ತೊಳೆದು ನೀರಿಟ್ಟಳು. ಒಲೆ ಹೊತ್ತಿಸಿದಳು. ಮೀನು ಸೀಳಿದಳು. ಒಂದು ತಪ್ಪಿಲ್ಲ. ಈರ ಹೆಂಡತಿಯ ಕಡೆ ನೋಡಿದ. ಗಂಗೆ ನೆಲ ನೋಡುತ್ತಿದ್ದಳು.

ಮೀನು ತೊಳೆದಾಯಿತು. ತಿಮ್ಮಕ್ಕ, ಕಣ್ಣು ಒಲೆಯ ಮೇಲೆಯೇ ಇದ್ದಂತೆ, ಬಲಗೈಯನ್ನು ಪಕ್ಕಕ್ಕೆ ಚಾಚಿದಳು. ಅಂಗೈ ಮೇಲಾಗಿ ಬಿಚ್ಚಿತ್ತು. ಕೈ ಅಲ್ಲೇ ನಿಂತಿತು. ಏನೂ ಬಂದು ಅದರಲ್ಲಿ ಕೂರಲಿಲ್ಲ. ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಏನು ಬೇಕೆಂದು ಕೇಳಲೂ ಇಲ್ಲ. ಕಾಯಿ ಅವಳ ಕಣ್ಣೆದುರಿನ ಗೋಡೆಯ ಮಾಡದಲ್ಲಿತ್ತು.

ಸ್ವಲ್ಪ ಹೊತ್ತಿನ ಮೇಲೆ ಕೈ ತಾನಾಗಿ ಕೆಳಗಿಳಿಯಿತು. ತಿಮ್ಮಕ್ಕ ಮೀನನ್ನು ಮತ್ತೊಮ್ಮೆ ತೊಳೆದಳು.

"ಈ ಬಂಗಡೆಗೆ ಮರಳು ಜಾಸ್ತಿ," ಎಂದಳು ನಗುತ್ತ. "ಹೊಳೆಯನ್ನೇ ನುಂಗಿ ಬಂದದೆ."

ಯಾರೂ ನಗಲಿಲ್ಲ. ಅವಳು ಮತ್ತೆ ಕೈ ಚಾಚಿದಳು, ಮತ್ತೆ ಇಳಿಸಿದಳು, ಮೀನನ್ನು ಮತ್ತೆ ತೊಳೆದಳು. ತೊಳೆದು ತೊಳೆದು ತುಂಡುಗಳ ಚರ್ಮ ಸುಲಿಯತೊಡಗಿತು. ಆಮೇಲೆ ಏನೋ ನೆನಪಾದವಳಂತೆ ಅರ್ಧ ಬೆಂದ ಗಂಜಿಯ ಮಡಕೆ ಇಳಿಸಿ, ನೀರು ಬಸಿದು, ಅಕ್ಕಿಯನ್ನು ಹೊಸತೆಂಬಂತೆ ತಣ್ಣೀರಿನಲ್ಲಿ ಉಜ್ಜತೊಡಗಿದಳು. ಬೆಂದ ಅಗುಳು ಬೆರಳ ಸಂದಿಯಲ್ಲಿ ಹಿಟ್ಟಾಗುತ್ತಿತ್ತು.

"ಅವ್ವೀ," ಎಂದ ಈರ.

ವನಮಾಲಾ ಬೆರಳೆತ್ತಿ ಅವನನ್ನು ಸುಮ್ಮನಾಗಿಸಿದರು.

ಗಂಗೆಯ ತೊಡೆಯ ಕೆಳಗೆ ಕೈಗಳು ಜೋಮು ಹಿಡಿದಿದ್ದವು. ಇಷ್ಟು ತಿಂಗಳು ಅವಳು ಬಯಸಿದ್ದು ಇದನ್ನೇ: ಯಾರಾದರೂ ನೋಡಲಿ, ಈರ ನೋಡಲಿ. ಅವನು ಈಗ ನೋಡುತ್ತಿದ್ದ. ಆದರೆ ಚಾಚಿದ ಆ ಅಂಗೈ ಅವಳನ್ನೇ ಕರೆಯುತ್ತಿದ್ದಂತಿತ್ತು. ಎದ್ದು ಹೋಗಿ ಒಂದು ಕಾಯಿ ಹೋಳು ಇಟ್ಟರೆ ಸಾಕು, ಸಾರು ಆಗುತ್ತದೆ, ಅತ್ತೆಯ ಮಾನ ಉಳಿಯುತ್ತದೆ. ಆಮೇಲೆ ನಾಳೆ ಈರ ಮಲ್ಪೆಗೆ ಹೋಗುತ್ತಾನೆ, ಹೊಳೆಯಲ್ಲಿ ಇಳಿತ ಆಗುತ್ತದೆ, ದಿಣ್ಣೆ ಏಳುತ್ತದೆ. ಅವಳು ಕೈಗಳ ಮೇಲೆ ಇನ್ನೂ ಭಾರ ಬಿಟ್ಟು ಕೂತಳು.

ಮಡಕೆ ಇಳಿಸಿದ್ದರಿಂದ ಒಲೆಯ ಉರಿ ಬಯಲಾಗಿತ್ತು. ಒಂದು ತೆಂಗಿನ ಮಡಲಿನ ಕೊಳ್ಳಿ ಉರಿಯುತ್ತ ಉರಿಯುತ್ತ ಹೊರಜಾರಿ ತಿಮ್ಮಕ್ಕನ ಮಂಡಿಯ ಹತ್ತಿರ ಬಿತ್ತು. ಅವಳು ಅದನ್ನು ನೋಡಿದಳು. ನೋಡಿದ್ದು ಮೂವರಿಗೂ ಕಂಡಿತು. ನೋಡಿ, ಅಕ್ಕಿ ಉಜ್ಜುವುದನ್ನು ಮುಂದುವರಿಸಿದಳು. ವನಮಾಲಾ ಕೈ ಚಾಚುವಷ್ಟರಲ್ಲಿ ಈರ ಹಾರಿ ಬಂದು ಬರಿಗೈಯಲ್ಲೇ ಕೊಳ್ಳಿ ಹಿಡಿದು ಒಲೆಗೆ ಎಸೆದ.

ಅವನು ಬಂದ ರಭಸಕ್ಕೆ ತಿಮ್ಮಕ್ಕ ಬೆಚ್ಚಿದಳು. ಮಗನನ್ನು ಬಿಟ್ಟು, ಅಕ್ಕೋರನ್ನು ಬಿಟ್ಟು, ಹೊಸ್ತಿಲ ಈಚೆ ಕೂತ ಸೊಸೆಯನ್ನು ಹುಡುಕಿ ನೋಡಿದಳು. ಮುಖದಲ್ಲಿ ನಗುವಿರಲಿಲ್ಲ.

"ನೀ ಎಂತಕ್ಕೆ ಅಲ್ಲಿ ಕೂತೆ ಗಂಗೀ? ನನ್ನ ಮೇಲೆ ಸಿಟ್ಟಾ?"

ಗಂಗೆ ವನಮಾಲಾರ ಕಡೆ ನೋಡಿದಳು. ಅವರು ತಲೆ ಆಡಿಸಿದರು, ಸಾಕು ಎಂಬಂತೆ. ಗಂಗೆ ಎದ್ದು, ಜೋಮು ಹಿಡಿದ ಕೈಗಳನ್ನು ಕೊಡವುತ್ತ ಹೋಗಿ, ಅತ್ತೆಯ ಬಲಗಡೆ ಕೂತಳು. ಮಾಡದಿಂದ ಕಾಯಿ ತೆಗೆದು ಕೊಟ್ಟಳು. ತಿಮ್ಮಕ್ಕ ಅದನ್ನು ನೋಡದೆಯೇ ತೆಗೆದುಕೊಂಡು ಹೆರೆಯತೊಡಗಿದಳು. ಮೆಣಸು ಬಂತು, ಅರೆದಳು. ಮಧ್ಯದಲ್ಲಿ ಏನೂ ನಡೆದೇ ಇಲ್ಲ ಎಂಬಂತೆ ಅಡುಗೆ ಸಾಗಿತು. ಈರ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು, ಅವ್ವಿಯ ಕೈಯನ್ನಲ್ಲ, ಹೆಂಡತಿಯ ಕೈ ಹೋಗಿ ಬರುವುದನ್ನು ನೋಡುತ್ತ ನಿಂತ.

ಆಮೇಲೆ ಜಗಲಿಯಲ್ಲಿ ವನಮಾಲಾ ಅವನಿಗೆ ಹೇಳಿದರು.

"ಕೈಗೆ ಏನೂ ಮರೆತಿಲ್ಲ. ಒಂದು ಕೆಲಸ ಮುಗಿದು ಇನ್ನೊಂದು ಸುರುವಾಗುವ ಮಧ್ಯೆ ಒಂದು ಜಾಗ ಇರ್ತದಲ್ಲ, ಅಲ್ಲಿ ಅವರು ನಿಂತುಬಿಡ್ತಾರೆ. ಇಷ್ಟು ದಿನ ಆ ಜಾಗದಲ್ಲಿ ಇವಳಿದ್ಲು. ಅದಕ್ಕೆ ಯಾರಿಗೂ ಕಾಣಲಿಲ್ಲ."

"ಇದಕ್ಕೆ ಮದ್ದು?"

"ಇಲ್ಲ. ಬೊಂಬಾಯಿಯಲ್ಲೂ ಇಲ್ಲ." ಅವರು ಸುತ್ತಿ ಬಳಸಿ ಹೇಳಲಿಲ್ಲ. "ಬೆಂಕಿಯ ಹತ್ರ ಒಬ್ಬರೇ ಬಿಡಬಾರದು. ಹೊಳೆಗೆ ಒಬ್ಬರೇ ಬಿಡಬಾರದು. ಮಗುವನ್ನು ಅವರ ಕೈಲಿ ಬಿಡಲೇಬಾರದು. ಹಾಗಂತ ಒಲೆ ಮುಂದಿನಿಂದ ಎಬ್ಬಿಸಬೇಡಿ. ಪಕ್ಕದಲ್ಲಿ ಒಬ್ಬರು ಕೂತರೆ ಅವರು ಇನ್ನೂ ಬಹಳ ಕಾಲ ಅಡುಗೆ ಮಾಡಿಯಾರು."

"ಪಕ್ಕದಲ್ಲಿ ಒಬ್ಬರು," ಎಂದ ಈರ. ಆ ಒಬ್ಬರು ಯಾರೆಂದು ಮೂವರಿಗೂ ಗೊತ್ತಿತ್ತು. ಗಂಗೆಗೆ ತನ್ನ ಮಾತು ಗೆದ್ದಿತು ಎನಿಸಲಿಲ್ಲ. ಇಷ್ಟು ದಿನ ಅವಳನ್ನು ಕಟ್ಟಿಹಾಕಿದ್ದ ಹಗ್ಗಕ್ಕೆ ಈಗ ಅಕ್ಕೋರೇ ಗಂಟು ಬಿಗಿದು ಕೊಟ್ಟಂತಾಗಿತ್ತು. ವನಮಾಲಾ ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳ ಕಡೆ ನೋಡಿ, ಬಸ್ಸಿನ ಹೊತ್ತಾಯಿತೆಂದು ಇಳಿದು ಹೋದರು.

ಬಿಸಿಲು ಬಾಡಿತು. ತಿಮ್ಮಕ್ಕ ಉಂಡು ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಈರ ಜಗಲಿಯ ತುದಿಯಲ್ಲಿ ಬೀಡಿ ಹಚ್ಚದೆ ಹಿಡಿದು ಕೂತಿದ್ದ.

"ಎಷ್ಟು ದಿನದಿಂದ ಹಿಂಗೆ?"

"ಹೇಳಿದ್ನಲ್ಲ."

"ನೀ ಹೇಳಿದ್ದೆ," ಎಂದ ಅವನು. ಹೆಚ್ಚಿನದಕ್ಕೆ ಗಂಗೆ ಕಾಯಲಿಲ್ಲ.

"ಕೇಳ್ತಾ? ನಾಳೆ ನಾ ಪ್ಯಾಟಿಗೆ ಹೋತೆ," ಎಂದಳು.

ಅವನು ತಲೆಯೆತ್ತಿದ. "ನಾಳೆ ನಂಗೆ ಮಲ್ಪೆಗೆ..."

"ಗೊತ್ತದೆ."

"ಬೋಟಿನ ಯಜಮಾನಂಗೆ ಎಂತ ಹೇಳೂದು?"

"ಅದು ನಿಮಗೆ ಬಿಟ್ಟದ್ದು. ನಾ ಹೋಗದೆ ಇದ್ರೆ ಜಾಗ ಹೋತದೆ. ನೀವು ಹೋದ್ರೆ..." ಅವಳು ಒಳಗೆ ಮಲಗಿದ್ದ ಅತ್ತೆಯ ಕಡೆ ಗಲ್ಲದಿಂದ ತೋರಿಸಿದಳು.

ಈರ ಹೊಳೆ ನೋಡಿದ. ಆಚೆ ದಡದಲ್ಲಿ ತದಡಿಯ ಬೋಟುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಅಲ್ಲಿ ಕೂಲಿ ಕಡಿಮೆ. ಆದರೆ ಸಂಜೆಗೆ ಮನೆಗೆ ಬರಬಹುದು, ಬೋಟು ಹೊರಡದ ದಿನ ಮನೆಯಲ್ಲಿರಬಹುದು. "ಈ ಟ್ರಿಪ್ಪು ಬರೂದಿಲ್ಲ ಅಂತ ದಾಸನ ಹತ್ರ ಹೇಳಿ ಕಳಿಸ್ತೆ. ಮುಂದಿಂದು ನೋಡ್ವ" ಎಂದ. "ನೀ ಹೋಗು."

ಹೋಗು ಎಂಬ ಆ ಒಂದು ಮಾತಿಗಾಗಿ ಗಂಗೆ ಎಷ್ಟು ಕಾದಿದ್ದಳೋ. ಅದು ಬಂದಾಗ ಅವಳಿಗೆ ತೋಚಿದ್ದು, ಮಡಲಿನ ಕೊಳ್ಳಿ ಎಷ್ಟು ಹೊರಗೆ ಬಂದಾಗ ಒಳಗೆ ದೂಡಬೇಕೆಂದು ಇವನಿಗೆ ಗೊತ್ತಿಲ್ಲ ಎಂಬುದು. ಅವಳು ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಎಲ್ಲಿ ಕೂರಬೇಕೆಂದು ತೋರಿಸಿದಳು. ಮೀನು ಆದ ಮೇಲೆ ಕಾಯಿ, ಕಾಯಿ ಆದ ಮೇಲೆ ಮೆಣಸು. ಕೇಳುವವರೆಗೆ ಕಾಯಬಾರದು. ಅತ್ತೆಗೆ ಕೊಟ್ಟಂತೆ ಕಾಣಲೂ ಬಾರದು. "ಹಾಂ, ಹಾಂ" ಎಂದ ಈರ, ಬಲೆ ಎಳೆದು ದಪ್ಪಗಾದ ಬೆರಳುಗಳಲ್ಲಿ ಉಪ್ಪಿನ ಭರಣಿ ಹಿಡಿದು.

ಬೆಳಿಗ್ಗೆ ಅವಳು ಬುಟ್ಟಿ ಹೊತ್ತು ಹೊರಡುವಾಗ ತಿಮ್ಮಕ್ಕ ಎದ್ದು ಕೂತಿದ್ದಳು. "ಸಣ್ಣ ಮೀನು ಮೇಲೆ ಹಾಕಬೇಡ್ವೇ, ಗಿರಾಕಿಗೆ ಮೊದ್ಲು ದೊಡ್ಡದು ಕಾಣಬೇಕು" ಎಂದು ಕೂಗಿದಳು. ಈರ ಕಮಲಿಯನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದ. ಮಗುವನ್ನು ಎತ್ತಿಕೊಂಡ ರೀತಿಯೇ ಸರಿಯಿರಲಿಲ್ಲ.

ಬಸ್ಸು ಕಾಗಾಲ ಊರು ದಾಟುವಾಗ ಇಂಜಿನ್ನಿನ ಹೊಗೆಯೋ ಏನೋ, ಎಲ್ಲಿಂದಲೋ ಸುಟ್ಟ ವಾಸನೆ ಬಂತು. ಗಂಗೆ ತಟ್ಟನೆ ಎದ್ದು ನಿಂತಳು. "ಎಂತ, ಇಲ್ಲೇ ಇಳಿತ್ಯಾ?" ಎಂದು ಕಂಡಕ್ಟರು ಊದುವ ಸೀಟಿಗೆ ಕೈ ಹಾಕಿದ. ಬುಟ್ಟಿಗಳ ನಡುವೆ, ಒಬ್ಬರ ಹೆಗಲಿಗೊಬ್ಬರು ಒತ್ತಿ ಕೂತ ಹೆಂಗಸರೆಲ್ಲ ಅವಳನ್ನೇ ನೋಡಿದರು. ಅವಳು ಕಿಟಕಿಯ ಹೊರಗೆ, ಬಂದ ದಾರಿಯ ಕಡೆ ಒಮ್ಮೆ ನೋಡಿದಳು.

"ಇಲ್ಲ," ಎಂದಳು. "ಕುಮಟೆಗೇ."

ಮತ್ತೆ ಕೂತಳು. ಪೇಟೆಯಲ್ಲಿ ತನ್ನ ಜಾಗದಲ್ಲಿ ಕೂತವಳನ್ನು ಎಬ್ಬಿಸಲು ಎಷ್ಟು ಜಗಳವಾಡಬೇಕೋ ಗೊತ್ತಿರಲಿಲ್ಲ. ಅದಕ್ಕಾಗಿಯಾದರೂ ಸ್ವಲ್ಪ ಕಸುವು ಬೇಕೆಂದು ಕಣ್ಣು ಮುಚ್ಚಿದಳು. ಬಸ್ಸು ಹೊಂಡಕ್ಕೆ ಇಳಿದು ಎದ್ದರೂ ಅವಳಿಗೆ ಎಚ್ಚರವಾಗಲಿಲ್ಲ.